ಸಂಪಾದಕರ ಉತ್ತರ: ಮದರಸಾವನ್ನು ಮೇಷ್ಟ್ರ ಕಣ್ಣಿನಿಂದ ನೋಡಿ

ಮಾನ್ಯ ಓದುಗರೇ,

ನಿವೃತ್ತ ಗಣಿತ ಶಿಕ್ಷಕರೆಂದು ಪರಿಚಯಿಸಿಕೊಂಡು ನೀವು ಬರೆದ ಪತ್ರ ದೀರ್ಘವಾಗಿದೆ. ಉಳಿದ ಓದುಗರಿಗಾಗಿ ಅದರ ತಿರುಳನ್ನಷ್ಟೇ ಇಲ್ಲಿ ಕೊಡುತ್ತೇನೆ: "ಯಾವ ಶಾಲೆಯ ಪಠ್ಯಪುಸ್ತಕ ತಿರುವಿದರೂ ಆ ಶಾಲೆ ಎಂಥದ್ದೆಂದು ನನಗೆ ಗೊತ್ತಾಗುತ್ತದೆ. ಮದರಸಾದ ಪುಸ್ತಕ ಮಾತ್ರ ಇದುವರೆಗೆ ಕಣ್ಣಿಗೆ ಬಿದ್ದಿಲ್ಲ. ಅಲ್ಲಿ ಅನ್ಯಧರ್ಮೀಯರ ಮೇಲೆ ದ್ವೇಷ ಕಲಿಸುತ್ತಾರೆಂದು ಮೊಬೈಲಿಗೆ ದಿನಕ್ಕೊಂದು ಸಂದೇಶ ಬರುತ್ತದೆ. ಇದು ನಿಜವೇ? ಸುಳ್ಳಾದರೆ, ಗಣಿತ ವಿಜ್ಞಾನಗಳಿಲ್ಲದ ಶಾಲೆಯನ್ನು ನಮ್ಮ ದೇಶ ಏಕೆ ಒಪ್ಪಿಕೊಂಡಿದೆ? ನಾನೇ ಹೋಗಿ ಕೇಳಿದರೆ ಅವರು ತಪ್ಪು ತಿಳಿಯುತ್ತಾರೆಯೇ?"

ನಿಮ್ಮ ಎರಡನೆಯ ಪ್ರಶ್ನೆಯೇ ದೊಡ್ಡದು. ಮೊದಲನೆಯದರ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳದಂತಾಗಿದೆ ಎಂಬುದು ನನ್ನ ಸಂಕಟ. ಆದರೂ ಮೊದಲು ಪುಸ್ತಕಗಳನ್ನೇ ಬಿಚ್ಚಿ ನೋಡೋಣ.

ಹೊರಗಿನವರು ಮದರಸಾ ಎಂದು ಒಂದೇ ಹೆಸರಿನಿಂದ ಕರೆಯುವ ಜಾಗಗಳಲ್ಲಿ ಮೂರು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಮಸೀದಿಗೆ ಹೊಂದಿಕೊಂಡ ಕೋಣೆಯಲ್ಲಿ ಬೆಳಿಗ್ಗೆಯೋ ಸಂಜೆಯೋ ಒಂದೆರಡು ಗಂಟೆ ನಡೆಯುವುದು ಮಕ್ತಬ್. ಅಲ್ಲಿ ಮಕ್ಕಳು ಅರಬ್ಬಿ ಅಕ್ಷರ, ನಮಾಜಿನ ಕ್ರಮ, ಸಣ್ಣಪುಟ್ಟ ಪ್ರಾರ್ಥನೆಗಳನ್ನು ಕಲಿತು ಎಲ್ಲರಂತೆ ಸಾಮಾನ್ಯ ಶಾಲೆಗೆ ಹೋಗುತ್ತಾರೆ. ಎರಡನೆಯದು ಕುರ್‌ಆನನ್ನು ಪೂರ್ತಿ ಕಂಠಪಾಠ ಮಾಡಿಸುವ ಹಿಫ್ಜ್ ತರಗತಿ. ಮೂರನೆಯದು ಏಳೆಂಟು ವರ್ಷ ಓದಿಸಿ ಆಲಿಮ್, ಎಂದರೆ ಧಾರ್ಮಿಕ ವಿದ್ವಾಂಸ, ಆಗಿಸುವ ದೊಡ್ಡ ಮದರಸಾ, ಅಂದರೆ ದಾರುಲ್ ಉಲೂಮ್. ಈ ಗೊಂದಲವನ್ನು, ದೇಶದ ಮುಸ್ಲಿಮರ ಸ್ಥಿತಿಗತಿ ಅರಿಯಲು ಕೇಂದ್ರ ಸರ್ಕಾರ ನೇಮಿಸಿದ್ದ ಸಾಚಾರ್ ಸಮಿತಿ 2006ರ ವರದಿಯಲ್ಲೇ ಎತ್ತಿ ತೋರಿಸಿತ್ತು. ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಾಗಳಲ್ಲಿ ಓದುತ್ತಿರುವವರು ಶೇ 3ರಷ್ಟು ಮಾತ್ರ, ಮಕ್ತಬ್ ಮಕ್ಕಳನ್ನೂ ಸೇರಿಸಿ ಎಣಿಸುವುದರಿಂದ ಸಂಖ್ಯೆ ಉಬ್ಬಿ ಕಾಣುತ್ತದೆ ಎಂದು ಅದು ಹೇಳಿತು. ಮುಸ್ಲಿಂ ಮಕ್ಕಳೆಲ್ಲ ಮದರಸಾದಲ್ಲೇ ಬೆಳೆಯುತ್ತಾರೆ ಎಂಬ ಕಲ್ಪನೆಯ ಮೇಲೆ ಎಷ್ಟೊಂದು ಲೇಖನಗಳೂ ಭಾಷಣಗಳೂ ನಿಂತಿವೆಯಲ್ಲ!

ಹಿಫ್ಜ್ ತರಗತಿಯ ಹುಡುಗ ದಿನವೂ ಉಸ್ತಾದರ ಮುಂದೆ ಕುಳಿತು ಮೂರು ಬಗೆಯ ಪಾಠ ಒಪ್ಪಿಸಬೇಕು. ಅಂದು ಹೊಸದಾಗಿ ಕಲಿತ ಸಾಲುಗಳು ಸಬಕ್. ಹಿಂದಿನ ಕೆಲವು ದಿನಗಳದ್ದು ಸಬ್ಕಿ. ಅದಕ್ಕೂ ಹಿಂದಿನದೆಲ್ಲ ಮಂಜಿಲ್. ಹೊಸದನ್ನು ಹಿಡಿಯುವ ಆತುರದಲ್ಲಿ ಹಳೆಯದು ಜಾರಿಹೋಗಬಾರದೆಂದು ಮಾಡಿಕೊಂಡ ಏರ್ಪಾಡು ಇದು. ಕುರ್‌ಆನಿನ 114 ಅಧ್ಯಾಯಗಳನ್ನು 30 ಪಾರಾ ಎಂಬ ಭಾಗಗಳಾಗಿ ವಿಂಗಡಿಸಿಕೊಂಡು ಹೀಗೆ ಮುಗಿಸಲು ಸಾಮಾನ್ಯವಾಗಿ ಎರಡು ಮೂರು ವರ್ಷವಾದರೂ ಬೇಕು. ಉಚ್ಚಾರಣೆಗೆಂದೇ ತಜ್ವೀದ್ ಎಂಬ ಶಾಸ್ತ್ರವಿದೆ. ಗಂಟಲಿನ ಯಾವ ಭಾಗದಿಂದ ಯಾವ ಅಕ್ಷರ ಹೊರಡಬೇಕು, ಎಲ್ಲಿ ಎಷ್ಟು ಎಳೆಯಬೇಕು, ಯಾವ ಅಕ್ಷರದ ಪಕ್ಕದಲ್ಲಿ ಯಾವುದು ಕರಗಬೇಕು ಎಂಬ ನಿಯಮಗಳು ಅದರಲ್ಲಿವೆ. "ಮಿನ್ ರಬ್ಬಿಹಿಮ್" ಎಂದು ಬರೆದಿರುವುದನ್ನು "ಮಿರ್ರಬ್ಬಿಹಿಮ್" ಎಂದು ಓದಬೇಕು, ಏಕೆಂದರೆ ರಕಾರದ ಎದುರು ನಕಾರ ನಿಲ್ಲುವುದಿಲ್ಲ. ಸಂಧಿ ಕಲಿತ ಯಾವ ಕನ್ನಡಿಗನಿಗೂ ಇದು ಅಪರಿಚಿತವಲ್ಲ. ಹತ್ತು ವರ್ಷದ ಮಗು ಇಂಥ ನಿಯಮಗಳನ್ನು ನಾಲಿಗೆಯಲ್ಲಿಟ್ಟುಕೊಂಡು ಪುಸ್ತಕವಿಲ್ಲದೆ ಗಂಟೆಗಟ್ಟಲೆ ಓದುತ್ತದೆ. ಅದನ್ನು ಬರೀ ಗಿಳಿಪಾಠವೆಂದು ತಳ್ಳಿಹಾಕುವವರು ಆ ಶ್ರಮವನ್ನು ಕಂಡಿಲ್ಲ.

ಆದರೆ ಆ ಮಗುವಿಗೆ ತಾನು ಓದುತ್ತಿರುವುದರ ಅರ್ಥ ಬಹುಮಟ್ಟಿಗೆ ತಿಳಿದಿರುವುದಿಲ್ಲ. ಅರಬ್ಬಿ ಅದಕ್ಕೆ ಧ್ವನಿಯಾಗಿ ಬಂದಿರುತ್ತದೆಯೇ ಹೊರತು ಭಾಷೆಯಾಗಿ ಬಂದಿರುವುದಿಲ್ಲ. ಆದ್ದರಿಂದ ಆ ವಾಕ್ಯಗಳು ಮಗುವಿನಲ್ಲಿ ದ್ವೇಷ ತುಂಬುತ್ತವೆ ಎಂಬ ಆರೋಪ ನಿಲ್ಲುವುದು ಕಷ್ಟ. ಅರ್ಥ ಹೇಳದೆ, ಶಾಲೆಯನ್ನೂ ಬಿಡಿಸಿ, ಎಳೆಯ ವಯಸ್ಸಿನ ಇಷ್ಟು ವರ್ಷಗಳನ್ನು ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆ ಮಾತ್ರ ಚೆನ್ನಾಗಿ ನಿಲ್ಲುತ್ತದೆ.

ಇನ್ನು ದೊಡ್ಡ ಮದರಸಾದ ಪುಸ್ತಕಗಳು. ನಮ್ಮ ದೇಶದ ಬಹುಪಾಲು ಸುನ್ನಿ ಮದರಸಾಗಳು ದರ್ಸ್-ಎ-ನಿಜಾಮಿ ಎಂಬ ಪಠ್ಯಕ್ರಮವನ್ನೇ ಅಲ್ಪಸ್ವಲ್ಪ ಬದಲಾಯಿಸಿಕೊಂಡು ನಡೆಸುತ್ತವೆ. ಅದನ್ನು ರೂಪಿಸಿದವರು ಲಖನೌದ ಫರಂಗಿ ಮಹಲ್‌ನಲ್ಲಿ ಪಾಠ ಹೇಳುತ್ತಿದ್ದ ಮುಲ್ಲಾ ನಿಜಾಮುದ್ದೀನ್ ಸಿಹಾಲ್ವಿ. ಅವರು ತೀರಿಕೊಂಡದ್ದು 1748ರಲ್ಲಿ. ಮೊದಲ ವರ್ಷಗಳೆಲ್ಲ ವ್ಯಾಕರಣಕ್ಕೆ ಮೀಸಲು. "ಫಅಲ, ಫಅಲಾ, ಫಅಲೂ" ಎಂದು ಒಂದೇ ಕ್ರಿಯಾಪದದ ಹದಿನಾಲ್ಕು ರೂಪಗಳನ್ನು ಲಿಂಗ, ವಚನ, ಪುರುಷಗಳ ಕ್ರಮದಲ್ಲಿ ರಾಗವಾಗಿ ಹೇಳುತ್ತಾರೆ. ಆಮೇಲೆ ತರ್ಕಶಾಸ್ತ್ರ. ಅದಕ್ಕೆ ಓದಿಸುವ ಈಸಾಗೋಜಿ ಎಂಬ ಪುಟ್ಟ ಪುಸ್ತಕ 13ನೆಯ ಶತಮಾನದ ಅಸೀರುದ್ದೀನ್ ಅಬ್ಹರಿಯವರದು. ಅದರ ಹೆಸರು ಗ್ರೀಕ್ ತತ್ವಜ್ಞಾನಿ ಪೋರ್ಫಿರಿ ಅರಿಸ್ಟಾಟಲನ ತರ್ಕಕ್ಕೆ ಬರೆದ ಪ್ರವೇಶಿಕೆಯಿಂದ ಬಂದದ್ದು. ಗಣಿತ ಮೇಷ್ಟ್ರಾದ ನಿಮಗೆ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಆ ಮೂಲ ಪಠ್ಯಕ್ರಮದಲ್ಲಿ ಅಂಕಗಣಿತವಿತ್ತು, ಖಗೋಳವಿತ್ತು, ಯೂಕ್ಲಿಡನ ರೇಖಾಗಣಿತದ ಮೊದಲ ಭಾಗವಿತ್ತು. ಗಣಿತವನ್ನು ಸೇರಿಸಿ ಎಂದು ಕೇಳುವುದು ಮದರಸಾದ ಮೇಲೆ ಹೊರಗಿನದನ್ನು ಹೇರಿದಂತಾಗುವುದಿಲ್ಲ. ಅವರದೇ ಪರಂಪರೆಯಲ್ಲಿ ಇದ್ದದ್ದು ಮೆಲ್ಲಗೆ ಸವೆದುಹೋಗಿದೆ, ಅಷ್ಟೆ.

ಮುಂದಿನ ವರ್ಷಗಳಲ್ಲಿ ಧರ್ಮಶಾಸ್ತ್ರ, ಕುರ್‌ಆನ್ ವ್ಯಾಖ್ಯಾನ, ಕೊನೆಯ ವರ್ಷದಲ್ಲಿ ಬುಖಾರಿ, ಮುಸ್ಲಿಂ ಮೊದಲಾದ ಆರು ಹದೀಸ್ ಸಂಗ್ರಹಗಳು, ಅಂದರೆ ಪ್ರವಾದಿಯವರ ನಡೆನುಡಿಗಳ ದಾಖಲೆಗಳು. ಧರ್ಮಶಾಸ್ತ್ರದ ಮುಖ್ಯ ಗ್ರಂಥ ಹಿದಾಯ. ಮಧ್ಯ ಏಷ್ಯಾದ ಬುರ್ಹಾನುದ್ದೀನ್ ಮರ್ಗೀನಾನಿ 12ನೆಯ ಶತಮಾನದಲ್ಲಿ ಬರೆದದ್ದು. ಈಸ್ಟ್ ಇಂಡಿಯಾ ಕಂಪನಿ ತನ್ನ ನ್ಯಾಯಾಲಯಗಳ ಬಳಕೆಗೆಂದು 1791ರಲ್ಲಿ ಇದನ್ನು ಇಂಗ್ಲಿಷಿಗೆ ತರಿಸಿತ್ತು. ಇದರಲ್ಲಿ ಬರುವ ಒಂದು ಚರ್ಚೆ ನೋಡಿ: ನಮಾಜಿನಲ್ಲಿ ಕುರ್‌ಆನನ್ನು ಅರಬ್ಬಿಯ ಬದಲು ಪಾರ್ಸಿಯಲ್ಲಿ ಓದಬಹುದೇ? ಓದಿದರೂ ನಮಾಜು ಸಿಂಧು ಎಂಬುದು ಈ ಧರ್ಮಶಾಸ್ತ್ರ ಪಂಥದ ಮೂಲಗುರು ಇಮಾಮ್ ಅಬೂ ಹನೀಫಾರ ಮತ. ಅರಬ್ಬಿ ಬಾರದವನಿಗೆ ಮಾತ್ರ ಆ ರಿಯಾಯಿತಿ ಎಂಬುದು ಅವರ ಇಬ್ಬರು ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದರ ಮತ. ಗ್ರಂಥ ಇಬ್ಬರ ವಾದವನ್ನೂ ಮುಂದಿಡುತ್ತದೆ. ಕೊನೆಗೆ ಗುರುವೇ ಶಿಷ್ಯರ ಅಭಿಪ್ರಾಯಕ್ಕೆ ಬಂದರೆಂಬ ಹೇಳಿಕೆಯನ್ನೂ ದಾಖಲಿಸುತ್ತದೆ. ಪುಟಪುಟದಲ್ಲೂ ಹೀಗೆಯೇ: ಒಂದು ಸಮಸ್ಯೆ, ಎರಡು ಮೂರು ಮತಗಳು, ಪ್ರತಿಯೊಂದಕ್ಕೂ ಆಧಾರ, ಆಕ್ಷೇಪ, ಸಮಾಧಾನ. ಗುರುವಿನ ಮಾತನ್ನು ಶಿಷ್ಯ ಅಲ್ಲಗಳೆದದ್ದನ್ನೇ ಪಾಠವಾಗಿ ಓದುವವರನ್ನು ಪ್ರಶ್ನಿಸಲು ಬಾರದವರು ಎಂದು ಚಿತ್ರಿಸುವುದು ಅನ್ಯಾಯ.

ಅದೇ ಹಿದಾಯದಲ್ಲಿ ಯುದ್ಧದ ಅಧ್ಯಾಯವೂ ಇದೆ, ಮುಸ್ಲಿಂ ದೊರೆಯ ಆಳ್ವಿಕೆಯಲ್ಲಿ ಅನ್ಯಧರ್ಮೀಯರ ಸ್ಥಾನಮಾನದ ನಿಯಮಗಳೂ ಇವೆ. ಸಾಮ್ರಾಜ್ಯಗಳ ಕಾಲದಲ್ಲಿ ಬರೆದ ಪುಸ್ತಕ ಅದು. ಇದನ್ನು ಮುಚ್ಚಿಟ್ಟು ನಿಮಗೆ ಉತ್ತರ ಬರೆದರೆ ಅದು ಉತ್ತರವಾಗುವುದಿಲ್ಲ. ಸಂವಿಧಾನದ ಅಡಿಯಲ್ಲಿ ಸಮಾನ ನಾಗರಿಕನಾಗಿ ಬಾಳುವವನು ಆ ಅಧ್ಯಾಯವನ್ನು ಹೇಗೆ ಓದಬೇಕು ಎಂಬ ಪಾಠ ಅದರ ಪಕ್ಕದಲ್ಲೇ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಜೊತೆಗೆ, ಮದರಸಾದೊಳಗೆ ಕಹಿ ಹೆಚ್ಚಾಗಿ ಹರಿಯುವುದು ಹೊರಗಿನವರು ಊಹಿಸುವ ದಿಕ್ಕಿನಲ್ಲಿ ಅಲ್ಲ. ಸುನ್ನಿಗಳೊಳಗಿನ ದೇವಬಂದಿ, ಬರೇಲ್ವಿ, ಅಹ್ಲೆ ಹದೀಸ್ ಪಂಗಡಗಳು ಒಂದರ ಮೇಲೊಂದು ಬರೆದ ಖಂಡನೆಗಳೇ ಒಂದು ದೊಡ್ಡ ಸಾಹಿತ್ಯ. ಇತರ ಧರ್ಮಗಳ ಬಗ್ಗೆ ಅಲ್ಲಿರುವುದು ಹೆಚ್ಚಾಗಿ ಅಜ್ಞಾನ, ಅದೂ ಒಂದು ಕೊರತೆಯೇ.

ಹಾಗಾದರೆ ಭಯೋತ್ಪಾದನೆಯ ನೆರಳು ಎಲ್ಲಿಂದ ಬಂತು? ಅದಕ್ಕೂ ಊರು, ಕಾಲ ಇವೆ. 1980ರ ದಶಕದ ಅಫ್ಘಾನ್ ಯುದ್ಧದಲ್ಲಿ ಪಾಕಿಸ್ತಾನದ ಗಡಿ ಪ್ರಾಂತ್ಯದ ಕೆಲವು ಮದರಸಾಗಳು ಹೋರಾಟಗಾರರನ್ನು ತಯಾರಿಸಿದವು. ಅಕೋಡಾ ಖಟಕ್‌ನ ದಾರುಲ್ ಉಲೂಮ್ ಹಕ್ಕಾನಿಯಾದಲ್ಲಿ ತಾಲಿಬಾನಿನ ಹಲವು ನಾಯಕರು ಓದಿದ್ದು ಸತ್ಯ. ಅದೇ ದಶಕದಲ್ಲಿ ಅಫ್ಘಾನ್ ಮಕ್ಕಳಿಗಾಗಿ ಬಂದೂಕು, ಗುಂಡುಗಳ ಚಿತ್ರವಿದ್ದ ಜಿಹಾದಿ ಪಠ್ಯಪುಸ್ತಕಗಳು ಅಮೆರಿಕದ ಸರ್ಕಾರದ ಹಣದಲ್ಲಿ ಸಿದ್ಧವಾದದ್ದೂ ಅಷ್ಟೇ ಸತ್ಯ. 2001ರ ಸೆಪ್ಟೆಂಬರ್ ದಾಳಿಯ ನಂತರ ಜಗತ್ತಿನ ಕಣ್ಣು ಮದರಸಾಗಳ ಮೇಲೆ ಬಿತ್ತು. ಆ ದಾಳಿಯ ಮುಂದಾಳು ಮೊಹಮ್ಮದ್ ಅಟ್ಟಾ ಓದಿದ್ದು ಕೈರೋದಲ್ಲಿ ವಾಸ್ತುಶಿಲ್ಪ, ಆಮೇಲೆ ಜರ್ಮನಿಯ ಹ್ಯಾಂಬರ್ಗ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಗರ ಯೋಜನೆ. ಆ ವಿಶ್ವವಿದ್ಯಾಲಯದ ಮೇಲೆ ಯಾರೂ ಅನುಮಾನ ಪಡಲಿಲ್ಲ, ಪಡಬೇಕಾಗಿಯೂ ಇರಲಿಲ್ಲ. ಉತ್ತರ ಪ್ರದೇಶದ ಪ್ರಸಿದ್ಧ ಮದರಸಾ ದಾರುಲ್ ಉಲೂಮ್ ದೇವಬಂದ್ 2008ರ ಫೆಬ್ರುವರಿಯಲ್ಲಿ ದೇಶದ ಮದರಸಾಗಳ ಪ್ರತಿನಿಧಿಗಳನ್ನು ಕರೆಸಿ ಭಯೋತ್ಪಾದನೆ ಇಸ್ಲಾಮಿಗೆ ವಿರುದ್ಧ ಎಂದು ಸಾರಿತು. ಯಾವುದಾದರೂ ಒಂದು ಕಡೆ ಅಪರಾಧ ನಡೆದಿದ್ದರೆ ತನಿಖೆಯಾಗಲಿ, ಶಿಕ್ಷೆಯಾಗಲಿ. ಅದು ಆ ಒಂದು ಕಟ್ಟಡದ, ಆ ಒಬ್ಬ ವ್ಯಕ್ತಿಯ ಪ್ರಕರಣ.

ಬಾಗಿಲು ಮುಚ್ಚಿಕೊಂಡಂತೆ ಕಾಣುವುದೇಕೆ ಎಂದರೆ ಅದಕ್ಕೆ ಚರಿತ್ರೆಯ ಕಾರಣವಿದೆ. ದೇವಬಂದ್ ಹುಟ್ಟಿದ್ದು 1866ರಲ್ಲಿ, 1857ರ ಸೋಲಿನ ಗಾಯ ಹಸಿಯಾಗಿದ್ದಾಗ. ಸರ್ಕಾರದ, ಸಿರಿವಂತರ ಹಣಕ್ಕೆ ಕೈಚಾಚದೆ ಜನಸಾಮಾನ್ಯರ ಚಂದಾದಲ್ಲಿ ನಡೆಯಬೇಕು ಎಂಬುದನ್ನು ಅದರ ಸ್ಥಾಪಕರು ನಿಯಮವಾಗಿಯೇ ಬರೆದಿಟ್ಟರು. ಅಲ್ಲಿಯ ಮೊದಲ ವಿದ್ಯಾರ್ಥಿ ಮಹಮೂದ್ ಹಸನ್ ಮುಂದೆ ಬ್ರಿಟಿಷರ ವಿರುದ್ಧ ಸಂಚು ಹೂಡಿ ಮಾಲ್ಟಾದಲ್ಲಿ ಸೆರೆಯಲ್ಲಿದ್ದರು. ಅವರ ಶಿಷ್ಯ ಹುಸೇನ್ ಅಹಮದ್ ಮದನಿ ದೇಶ ವಿಭಜನೆಯನ್ನು ಕಡೆಯವರೆಗೂ ವಿರೋಧಿಸಿದರು. ಸರ್ಕಾರದಿಂದ ದೂರವಿದ್ದ ಆ ಸ್ವಾಭಿಮಾನ ಅಂದು ದೇಶಭಕ್ತಿಯಾಗಿತ್ತು. ಇಂದು ಅದೇ ದೂರವನ್ನು ನಾವು ಗುಟ್ಟು ಎಂದು ಓದುತ್ತಿದ್ದೇವೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. 2012ರ ತಿದ್ದುಪಡಿ ಮದರಸಾ, ವೇದ ಪಾಠಶಾಲೆ ಮತ್ತು ಮುಖ್ಯವಾಗಿ ಧಾರ್ಮಿಕ ಶಿಕ್ಷಣ ಕೊಡುವ ಸಂಸ್ಥೆಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ಸಂಸ್ಥೆಗಳ ಸ್ವಾತಂತ್ರ್ಯ ಉಳಿಯಿತು, ಸರಿ. ಒಳಗಿರುವ ಮಗುವಿನ ಹಕ್ಕು ಏನಾಯಿತು? ಹನ್ನೆರಡನೆಯ ವಯಸ್ಸಿಗೆ ದೂರದ ವಸತಿ ಮದರಸಾ ಸೇರಿದ ಬಡ ಹುಡುಗ ಅಲ್ಲಿ ಊಟ, ವಸತಿ, ಅಕ್ಷರ ಎಲ್ಲವನ್ನೂ ಉಚಿತವಾಗಿ ಪಡೆಯುತ್ತಾನೆ. ಇದು ಸಣ್ಣ ಉಪಕಾರವಲ್ಲ. ಆದರೆ ಇಪ್ಪತ್ತಕ್ಕೆ ಹೊರಬರುವಾಗ ಭಿನ್ನರಾಶಿ ಗೊತ್ತಿಲ್ಲ, ರಾಜ್ಯದ ಭಾಷೆಯಲ್ಲಿ ಅರ್ಜಿ ಬರೆಯಲು ಬಾರದು. ಇಮಾಮನಾಗಿಯೋ ಮದರಸಾ ಶಿಕ್ಷಕನಾಗಿಯೋ ಅತಿ ಕಡಿಮೆ ಸಂಬಳಕ್ಕೆ ಸೇರುವುದೇ ದಾರಿ. ಇದು ನನ್ನನ್ನು ನಿಜವಾಗಿ ಕಾಡುವ ಸಂಗತಿ. ಮುಸ್ಲಿಂ ಸಮಾಜದ ಒಳಗೂ ಇದು ಹೊಸ ದೂರಲ್ಲ. ಪಠ್ಯಕ್ರಮ ಬದಲಾಗಬೇಕು ಎಂದೇ 1890ರ ದಶಕದಲ್ಲಿ ನದ್ವತುಲ್ ಉಲಮಾ ಎಂಬ ವಿದ್ವಾಂಸರ ಸಂಸ್ಥೆ ಹುಟ್ಟಿತು.

ಸರ್ಕಾರಗಳು ಏನು ಮಾಡಿದವು? ಮದರಸಾಗಳಲ್ಲಿ ಗಣಿತ, ವಿಜ್ಞಾನ ಕಲಿಸಲು ಕೇಂದ್ರದ ಯೋಜನೆ 1993–94ರಿಂದಲೇ ಇತ್ತು. ಆ ವಿಷಯಗಳನ್ನು ಕಲಿಸಲು ನೇಮಕವಾದ ಉತ್ತರ ಪ್ರದೇಶದ ಶಿಕ್ಷಕರಿಗೆ ಗೌರವಧನವೇ ವರ್ಷಗಟ್ಟಲೆ ಬಾಕಿ ಉಳಿಯಿತು, ಕೊನೆಗೆ ಯೋಜನೆಯೇ ನಿಂತಿತು. ವಿಜ್ಞಾನ ಕಲಿಸುವುದಿಲ್ಲ ಎಂದು ಬೈಯುತ್ತಲೇ ವಿಜ್ಞಾನದ ಮೇಷ್ಟ್ರಿಗೆ ಸಂಬಳ ಕೊಡದಿರುವುದನ್ನು ಏನೆನ್ನಬೇಕು? ಮದರಸಾ ಶಿಕ್ಷಣ ಮಂಡಳಿಯ 2004ರ ಉತ್ತರ ಪ್ರದೇಶ ಕಾಯ್ದೆಯನ್ನು ಅಲಹಾಬಾದ್ ಹೈಕೋರ್ಟ್ 2024ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ಸುಪ್ರೀಂ ಕೋರ್ಟ್ ಅದೇ ವರ್ಷದ ನವೆಂಬರ್ 5ರಂದು ಪದವಿ, ಸ್ನಾತಕೋತ್ತರ ಪದವಿಗೆ ಸಂಬಂಧಿಸಿದ ಭಾಗವನ್ನು ಬಿಟ್ಟು ಉಳಿದ ಕಾಯ್ದೆಯನ್ನು ಎತ್ತಿಹಿಡಿಯಿತು. ಮಕ್ಕಳು ಯೋಗ್ಯ ಮಟ್ಟದ ಶಿಕ್ಷಣ ಪಡೆಯುವಂತೆ ರಾಜ್ಯ ಈ ಸಂಸ್ಥೆಗಳನ್ನು ನಿಯಂತ್ರಿಸಬಹುದು ಎಂಬುದು ತೀರ್ಪಿನ ಸಾರ. ನನಗೆ ಇದು ಸರಿಯಾದ ಜಾಗದಲ್ಲಿ ಗೆರೆ ಎಳೆದಂತೆ ಕಾಣುತ್ತದೆ.

ದಾರಿಗಳು ಇಲ್ಲದೆ ಇಲ್ಲ. ಕೇರಳದಲ್ಲಿ ‘ಸಮಸ್ತ’ ಎಂಬ ಸುನ್ನಿ ವಿದ್ವಾಂಸರ ಸಂಸ್ಥೆಯ ಶಿಕ್ಷಣ ಮಂಡಳಿ 1951ರಿಂದ ಸಾವಿರಾರು ಮದರಸಾಗಳನ್ನು ಶಾಲೆಯ ವೇಳೆಗೆ ಅಡ್ಡಬಾರದಂತೆ ನಡೆಸುತ್ತಿದೆ. ಹುಡುಗಿಯರೂ ಹುಡುಗರೂ ಬೆಳಿಗ್ಗೆ ಮದರಸಾ ಮುಗಿಸಿ ಶಾಲೆಗೆ ಓಡುತ್ತಾರೆ. ನಮ್ಮ ಕರಾವಳಿಯಲ್ಲೂ ಇದೇ ರೂಢಿ. ಪಶ್ಚಿಮ ಬಂಗಾಳದ ಸರ್ಕಾರಿ ಮಾನ್ಯತೆಯ ಹೈ ಮದರಸಾಗಳಲ್ಲಿ ರಾಜ್ಯದ ಸಾಮಾನ್ಯ ಪಠ್ಯವೇ ಇದೆ, ಹಿಂದೂ ಮಕ್ಕಳೂ ಓದುತ್ತಾರೆ. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ ಮದರಸಾ ಮುಗಿಸಿದವರು ಇಂಗ್ಲಿಷ್, ಸಮಾಜ ವಿಜ್ಞಾನ ಕಲಿತು ಮುಖ್ಯವಾಹಿನಿಯ ಪದವಿಗೆ ಸೇರಲು ಸೇತು ತರಗತಿ ನಡೆಸುತ್ತಿದೆ. ಇವು ಬೇರೆಡೆಗೂ ಹಬ್ಬಬೇಕಾದರೆ ಮದರಸಾದ ಆಡಳಿತದವರು ಮನಸ್ಸು ಮಾಡಬೇಕು. ಅವರು ಮನಸ್ಸು ಮಾಡಬೇಕಾದರೆ ಸುಧಾರಣೆಯ ಹೆಸರಿನಲ್ಲಿ ಬಂದವರೆಲ್ಲ ಮುಚ್ಚಿಸಲೆಂದೇ ಬಂದವರು ಎಂಬ ಭಯ ಹೋಗಬೇಕು. ಬುಲ್ಡೋಜರಿನ ಸದ್ದು ಕೇಳುತ್ತಿರುವವನ ಹತ್ತಿರ ಪಠ್ಯಕ್ರಮದ ಮಾತು ಆಡಲಾಗುವುದಿಲ್ಲ.

ನೀವು ಹೋದರೆ ತಪ್ಪು ತಿಳಿಯುತ್ತಾರೆಯೇ ಎಂದು ಕೇಳಿದ್ದೀರಿ. ತಪಾಸಣೆಗೆ ಬಂದವರಂತೆ ಹೋದರೆ ತಿಳಿದಾರು. ಮೇಷ್ಟ್ರಾಗಿ ಹೋಗಿ. ಯಾವ ಪುಸ್ತಕ ನಡೆಯುತ್ತಿದೆ ಎಂದು ಕೇಳಿ, ಒಂದು ಪುಟದ ಅರ್ಥ ಹೇಳಿಸಿಕೊಳ್ಳಿ. ಮಕ್ಕಳು ಎಷ್ಟು ಹೊತ್ತಿಗೆ ಶಾಲೆಗೆ ಹೋಗುತ್ತಾರೆ, ಹೋಗದಿದ್ದರೆ ಹತ್ತನೆಯ ತರಗತಿ ಪರೀಕ್ಷೆಗೆ ಯಾರು ಕೂರಿಸುತ್ತಾರೆ, ಹಿಂದಿನ ವರ್ಷ ಓದು ಮುಗಿಸಿದವರು ಈಗ ಏನು ಮಾಡುತ್ತಿದ್ದಾರೆ, ಹೊಡೆಯುವ ಪದ್ಧತಿ ಇದೆಯೇ ಎಂದು ನೇರವಾಗಿ ಕೇಳಿ. ಯಾವ ಶಾಲೆಯ ಮುಖ್ಯೋಪಾಧ್ಯಾಯರನ್ನಾದರೂ ನೀವು ಕೇಳುವ ಪ್ರಶ್ನೆಗಳೇ ಇವು. ಶುಕ್ರವಾರ ವಾರದ ರಜೆ, ರಮ್ಜಾನ್ ತಿಂಗಳಲ್ಲಿ ದೊಡ್ಡ ಮದರಸಾಗಳಲ್ಲಿ ಪಾಠ ಇರುವುದಿಲ್ಲ. ಆ ದಿನಗಳನ್ನು ಬಿಟ್ಟು ಹೋಗಿ. ವಾರಕ್ಕೆರಡು ದಿನ ಗಣಿತ ಹೇಳಿಕೊಡಲು ನಿಮಗೆ ಬಿಡುವಿದ್ದರೆ ಅದನ್ನೂ ಅವರಿಗೆ ತಿಳಿಸಿ. ಒಪ್ಪಿಕೊಂಡರೆ ಅಲ್ಲಿಂದ ಒಂದು ಪತ್ರ ಬರೆಯಿರಿ, ಪ್ರಕಟಿಸುತ್ತೇನೆ. ಒಪ್ಪದಿದ್ದರೂ ಅವರು ಕೊಟ್ಟ ಕಾರಣ ಏನೆಂದು ಬರೆಯಿರಿ, ಅದನ್ನೂ ಪ್ರಕಟಿಸುತ್ತೇನೆ.

ಸಂಪಾದಕ