ಓದುಗರ ಪ್ರಶ್ನೆ: ಸ್ಥಿರಾಂಕ ಎಷ್ಟು ಸ್ಥಿರ?

ಪ್ರಶ್ನೆ: ಬಲವು ರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧಕ್ಕೆ ಅನುಪಾತದಲ್ಲಿದೆ ಎಂದು ಬರೆಸಿ, ‘ಕೆ’ ಎಂಬ ಸ್ಥಿರಾಂಕ ಹಾಕಿ, ಮುಂದಿನ ಸಾಲಿನಲ್ಲೇ ‘ಕೆ = 1’ ಅಂದುಬಿಡುತ್ತಾರೆ. ಈ 1 ಎಲ್ಲಿಂದ ಬಂತು?
– ಪಿಯುಸಿ ವಿದ್ಯಾರ್ಥಿನಿ, ತಿಪಟೂರು

ಉತ್ತರ: ನಾವೇ ತಂದಿಟ್ಟದ್ದು. 1 ಕೆ.ಜಿ. ರಾಶಿಗೆ 1 ಮೀ/ಸೆ² ವೇಗೋತ್ಕರ್ಷ ಕೊಡುವ ಬಲಕ್ಕೆ 1 ನ್ಯೂಟನ್ ಎಂದು ಹೆಸರಿಟ್ಟ ಮೇಲೆ ಕೆ 1 ಆಗಲೇಬೇಕು. ಗಾಡಿಯೂ ಸೇರಿ 50 ಕೆ.ಜಿ. ಇರುವ ಕೊಬ್ಬರಿ ಮೂಟೆಗೆ 2 ಮೀ/ಸೆ² ವೇಗೋತ್ಕರ್ಷ ಬೇಕಾದರೆ, ಘರ್ಷಣೆ ಬಿಟ್ಟು ಲೆಕ್ಕ ಹಾಕಿದಾಗ 100 ನ್ಯೂಟನ್ ಬಲ ಸಾಕು. ಅದೇ ಬಲವನ್ನು ‘ಕೆ.ಜಿ. ತೂಕ’ದಲ್ಲಿ (1 ಕೆ.ಜಿ. ರಾಶಿಯನ್ನು ಭೂಮಿ ಸೆಳೆಯುವ ಬಲವೇ 1 ಎಂಬ ಮಾನದಲ್ಲಿ) ಹೇಳಿದರೆ 10.2 ಆಗುತ್ತದೆ, ಕೆ ಸುಮಾರು 0.102ಕ್ಕೆ ಇಳಿಯುತ್ತದೆ. ಮೂಟೆಯನ್ನು ತಳ್ಳುವ ಕೈಗೆ ಏನೂ ವ್ಯತ್ಯಾಸವಾಗಲಿಲ್ಲ, ಮಾನ ಬದಲಾಯಿತು ಅಷ್ಟೆ. ಪಠ್ಯದಲ್ಲಿ ಈ ಒಂದು ವಾಕ್ಯ ಬಿಟ್ಟುಹೋಗುವುದರಿಂದಲೇ ಎಷ್ಟೋ ಮಕ್ಕಳು ಇಲ್ಲಿ ಬಾಯಿಪಾಠಕ್ಕೆ ಇಳಿಯುತ್ತಾರೆ.

ಪ್ರಶ್ನೆ: ನಂದಿಬೆಟ್ಟದ ತಿರುವಿನಲ್ಲಿ ಸ್ಪೀಡೋಮೀಟರ್ ಮುಳ್ಳು 30ರಲ್ಲೇ ನಿಂತಿದ್ದರೂ ವೇಗೋತ್ಕರ್ಷ ಇದೆ ಎನ್ನುತ್ತಾರಲ್ಲ?
– ಚಿಕ್ಕಬಳ್ಳಾಪುರ

ಉತ್ತರ: ಮುಳ್ಳು ತೋರಿಸುವುದು ಜವ. ವೇಗಕ್ಕೆ ದಿಕ್ಕೂ ಸೇರಿದೆ, ತಿರುವಿನಲ್ಲಿ ಅದು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ತಿರುವಿನ ತ್ರಿಜ್ಯ 20 ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 30 ಕಿ.ಮೀ. ಅಂದರೆ ಸೆಕೆಂಡಿಗೆ 8.33 ಮೀಟರ್. ಅದರ ವರ್ಗವನ್ನು 20ರಿಂದ ಭಾಗಿಸಿದರೆ ಸುಮಾರು 3.5 ಮೀ/ಸೆ². 60 ಕೆ.ಜಿ.ಯ ಪ್ರಯಾಣಿಕರನ್ನು ತಿರುವಿನ ಒಳಮಗ್ಗುಲಿಗೆ ಒತ್ತಲು ಸೀಟು, ಕಂಬಿ ಎಲ್ಲ ಸೇರಿ 200 ನ್ಯೂಟನ್‌ಗೂ ಹೆಚ್ಚು ಬಲ ಕೊಡಬೇಕು. ಮೈ ಹೊರಕ್ಕೆ ವಾಲಿದಂತೆ ಅನಿಸುವುದು, ಅದು ನೇರ ಹೋಗಲು ನೋಡುವುದರಿಂದ.

ಪ್ರಶ್ನೆ: ಲೋಲಕದ ಪ್ರಯೋಗದಲ್ಲಿ ನನಗೆ ಸಣ್ಣ ಜಿ (ಗುರುತ್ವದ ವೇಗೋತ್ಕರ್ಷ) 9.39 ಬಂತು, ಪಕ್ಕದವನಿಗೆ 10.8. ಇಬ್ಬರೂ ಮೂರು ಸಲ ಮಾಡಿದೆವು. ಉಪಕರಣ ಕೆಟ್ಟಿದೆಯೇ?
– ಪಿಯುಸಿ ವಿದ್ಯಾರ್ಥಿ, ತುಮಕೂರು

ಉತ್ತರ: ಉಪಕರಣ ಸರಿಯಾಗಿಯೇ ಇರಬಹುದು. ಪ್ರತಿ ಸಲವೂ ಅದೇ ತಪ್ಪು ಮಾಡಿದರೆ ಸರಾಸರಿಯಿಂದ ಅದು ಹೋಗುವುದಿಲ್ಲ.

ನಿಮ್ಮದು ಬಹುಶಃ ಉದ್ದದ ತಪ್ಪು. ದಾರವನ್ನು ಮಾತ್ರ ಅಳೆದು 48 ಸೆಂ.ಮೀ. ಬರೆದಿರುತ್ತೀರಿ. ಕೊಕ್ಕೆ 1 ಸೆಂ.ಮೀ., ಗುಂಡಿನ ತ್ರಿಜ್ಯ 1 ಸೆಂ.ಮೀ. ಸೇರಿದರೆ ನಿಜವಾದ ಉದ್ದ 50. ಉದ್ದ ಶೇ 4 ಕಡಿಮೆಯಾದರೆ ಜಿ ಕೂಡ ಶೇ 4 ಕಡಿಮೆ: 9.78 ಇರಬೇಕಾದದ್ದು 9.39. ಗೆಳೆಯನದು ಎಣಿಕೆಯ ತಪ್ಪಿನಂತಿದೆ. ಗಡಿಯಾರ ಒತ್ತುವಾಗಲೇ ‘ಒಂದು’ ಎಂದು ಶುರುಮಾಡಿ ‘ಇಪ್ಪತ್ತ’ಕ್ಕೆ ನಿಲ್ಲಿಸಿದರೆ ಆಗಿರುವುದು 19 ಆಂದೋಲನ. ಅವಧಿ ಶೇ 5 ಕುಗ್ಗುತ್ತದೆ. ಸೂತ್ರದಲ್ಲಿ (ಜಿ = 4π² × ಉದ್ದ ÷ ಅವಧಿಯ ವರ್ಗ) ಅವಧಿಯ ವರ್ಗ ಇರುವುದರಿಂದ ಜಿ ಶೇ 10ಕ್ಕೂ ಮಿಕ್ಕಿ ಏರುತ್ತದೆ. ಗುಂಡು ಮಧ್ಯಸ್ಥಾನ ದಾಟುವಾಗ ‘ಸೊನ್ನೆ’ ಎಂದು ಆರಂಭಿಸಿ, ಪ್ರತಿ ಸಲ ಅದೇ ದಿಕ್ಕಿನಲ್ಲಿ ದಾಟುವಾಗ ಎಣಿಸಿ. ತೂಗಾಟ 5 ಡಿಗ್ರಿ ಮೀರದಿರಲಿ. 30 ಡಿಗ್ರಿಗೆ ಎಳೆದು ಬಿಟ್ಟರೆ ಜಿ ಶೇ 3ಕ್ಕೂ ಹೆಚ್ಚು ಇಳಿಯುತ್ತದೆ.

ಇನ್ನೂ ಒಳ್ಳೆಯ ದಾರಿ ಗ್ರಾಫ್. ದಾರದ ಉದ್ದ ಅಡ್ಡಕ್ಕೆ, ಅವಧಿಯ ವರ್ಗ ಮೇಲಕ್ಕೆ ಇಟ್ಟು ಐದಾರು ಬಿಂದು ಗುರುತಿಸಿ, ಗೆರೆಯ ಓಟದಿಂದ (ಇಳಿಜಾರಿನಿಂದ) 39.48 ಅನ್ನು, ಅಂದರೆ 4π² ಅನ್ನು, ಭಾಗಿಸಿದರೆ ಜಿ ಸಿಗುತ್ತದೆ. ಬಿಟ್ಟುಹೋದ 2 ಸೆಂ.ಮೀ. ಎಲ್ಲ ಬಿಂದುಗಳಿಗೂ ಒಂದೇ ಆದ್ದರಿಂದ ಗೆರೆ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಓಟ ಬದಲಾಗುವುದಿಲ್ಲ. ಅಡ್ಡ ಅಕ್ಷವನ್ನು ಗೆರೆ –2ರಲ್ಲಿ ಮುಟ್ಟಿ ನಿಮ್ಮ ತಪ್ಪನ್ನೇ ಅಳೆದು ತೋರಿಸುತ್ತದೆ.

ಪ್ರಶ್ನೆ: ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3.2 ಕಿ.ಮೀ. ಆಳವಿತ್ತು. ಅಲ್ಲಿ ಸಣ್ಣ ಜಿ ಎಷ್ಟು ಕಡಿಮೆ ಇದ್ದೀತು?
– ರಾಬರ್ಟ್‌ಸನ್‌ಪೇಟೆ

ಉತ್ತರ: ಪಠ್ಯದ ಸೂತ್ರಕ್ಕೆ (ಇಳಿಕೆ = ಜಿ × ಆಳ ÷ ಭೂಮಿಯ ತ್ರಿಜ್ಯ) 6371 ಕಿ.ಮೀ. ತ್ರಿಜ್ಯ ಹಾಕಿದರೆ 0.0049 ಮೀ/ಸೆ² ಇಳಿಯಬೇಕು. ವಾಸ್ತವದಲ್ಲಿ ಅದು ಏರುತ್ತದೆ, ಸುಮಾರು 0.002ರಷ್ಟು!

ಆಳಕ್ಕೆ ಇಳಿದಾಗ ಎರಡು ಕೆಲಸ ಒಟ್ಟಿಗೇ ನಡೆಯುತ್ತವೆ. ಭೂಕೇಂದ್ರಕ್ಕೆ ಹತ್ತಿರವಾದದ್ದರಿಂದ ಸೆಳೆತ 0.0098ರಷ್ಟು ಹೆಚ್ಚುತ್ತದೆ. ತಲೆಯ ಮೇಲೆ ಉಳಿದ ಚಿಪ್ಪು ಎಳೆಯುವುದನ್ನು ನಿಲ್ಲಿಸುವುದರಿಂದ ಸೆಳೆತ ತಗ್ಗುತ್ತದೆ. ಭೂಮಿಯ ಸಾಂದ್ರತೆ ಎಲ್ಲೆಡೆ ಒಂದೇ ಎಂದು ಸೂತ್ರ ಊಹಿಸುತ್ತದೆ. ಆಗ ಆ ತಗ್ಗು 0.0147, ನಿವ್ವಳ ಇಳಿಕೆ. ಆದರೆ ಭೂಮಿಯ ಸರಾಸರಿ ಸಾಂದ್ರತೆ ಘನ ಸೆಂ.ಮೀ.ಗೆ 5.5 ಗ್ರಾಂ, ಗಣಿಯ ಬಂಡೆಯದು ಸುಮಾರು 3. ಹಗುರವಾದ ಚಿಪ್ಪು ಕಳೆದುಹೋದರೆ ನಷ್ಟ 0.008 ಮಾತ್ರ, ಹತ್ತಿರವಾದ ಲಾಭವೇ ಮೇಲುಗೈ. 50 ಕೆ.ಜಿ. ಅದಿರನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದ್ದರೆ ತಳದಲ್ಲಿ ಸುಮಾರು 10 ಗ್ರಾಂ ಹೆಚ್ಚು ತೋರಿಸುತ್ತಿತ್ತು. ಎರಡು ತಟ್ಟೆಯ ತಕ್ಕಡಿಯಲ್ಲಿ ತೂಕದ ಬೊಟ್ಟೂ ಅದಿರೂ ಒಂದೇ ಪ್ರಮಾಣದಲ್ಲಿ ಭಾರವಾಗುವುದರಿಂದ ವ್ಯತ್ಯಾಸ ಕಾಣದು.

ಸಣ್ಣ ಜಿ ಹೀಗೆ ಊರಿಗೊಂದು, ಆಳಕ್ಕೊಂದು. ಧ್ರುವಗಳಲ್ಲಿ 9.83, ನಮ್ಮ ಸೀಮೆಯಲ್ಲಿ 9.78. ದೊಡ್ಡ ಜಿ (ಗುರುತ್ವ ಸ್ಥಿರಾಂಕ), ಅಂದರೆ 6.674 × 10⁻¹¹, ಗಣಿಯಲ್ಲೂ ಚಂದ್ರನಲ್ಲೂ ಅದೇ. 1798ರಲ್ಲಿ ಕ್ಯಾವೆಂಡಿಶ್ ಸೀಸದ ಗುಂಡುಗಳ ನಡುವಿನ ಸೆಳೆತ ಅಳೆದು ಪ್ರಕಟಿಸಿದ್ದು ದೊಡ್ಡ ಜಿ ಅಲ್ಲ, ಭೂಮಿಯ ಸರಾಸರಿ ಸಾಂದ್ರತೆ. ನೀರಿನ ಸುಮಾರು ಐದೂವರೆ ಪಟ್ಟು. ಮೇಲಿನ ಲೆಕ್ಕ ನಿಂತಿರುವುದು ಆ ಸಂಖ್ಯೆಯ ಮೇಲೆಯೇ.

ಪರೀಕ್ಷೆಯಲ್ಲಿ ‘ಏಕರೂಪ ಸಾಂದ್ರತೆ’ ಎಂದು ಕೊಟ್ಟಿದ್ದರೆ ಪಠ್ಯದ ಸೂತ್ರವನ್ನೇ ಬರೆಯಿರಿ. ಅಲ್ಲಿ ಅದೇ ಸರಿಯುತ್ತರ.