ಶಾಲೆ ಕಡ್ಡಾಯವಿರುವ ಜರ್ಮನಿಯಲ್ಲೂ ಓದಲು ಕಷ್ಟಪಡುವವರಿದ್ದಾರೆಯೇ? ಅದರಿಂದ ಅವರಿಗೆ ಏನು ತೊಂದರೆ?

ಇದ್ದಾರೆ, ಅದೂ ಲಕ್ಷಗಟ್ಟಲೆ. ಹ್ಯಾಂಬರ್ಗ್ ವಿಶ್ವವಿದ್ಯಾಲಯದ 2018ರ ‘ಲಿಯೋ’ ಸಮೀಕ್ಷೆಯಂತೆ 18ರಿಂದ 64 ವರ್ಷದೊಳಗಿನ ಸುಮಾರು 62 ಲಕ್ಷ ಮಂದಿ, ಅಂದರೆ ಶೇ 12.1ರಷ್ಟು ಜನ. ಅಕ್ಷರವೇ ಗೊತ್ತಿಲ್ಲದವರು ತೀರಾ ಕಡಿಮೆ. ಹೆಚ್ಚಿನವರು ಬಿಡಿ ವಾಕ್ಯ ಓದಬಲ್ಲರು. ಒಂದು ಪುಟದ ಪತ್ರ ಕೊಟ್ಟರೆ ತಲೆಬುಡ ತಿಳಿಯುವುದಿಲ್ಲ. ಇವರೆಲ್ಲ ವಲಸೆ ಬಂದವರೇ ಇರಬೇಕು ಎಂದುಕೊಳ್ಳಬೇಡಿ: ಅರ್ಧಕ್ಕಿಂತ ಹೆಚ್ಚಿನವರ ಮನೆಮಾತು ಜರ್ಮನ್. ಸುಮಾರು ಮುಕ್ಕಾಲು ಪಾಲು ಜನರ ಬಳಿ ಶಾಲೆ ಮುಗಿಸಿದ ಪ್ರಮಾಣಪತ್ರವೂ ಇದೆ!

ದೊಡ್ಡ ಪೆಟ್ಟು ಬೀಳುವುದು ಕಾಗದಪತ್ರದಲ್ಲಿ. ಅಲ್ಲಿನ ಸರ್ಕಾರಿ ಕಚೇರಿಗಳು ಇನ್ನೂ ಅಂಚೆಯನ್ನೇ ಬಹಳ ನೆಚ್ಚಿಕೊಂಡಿವೆ. ಭತ್ಯೆ ಕಡಿತಗೊಳಿಸಿದ ಆದೇಶ ಬಂದರೆ ಲಿಖಿತ ಆಕ್ಷೇಪಣೆ ಸಲ್ಲಿಸಲು ಸಾಮಾನ್ಯವಾಗಿ ಒಂದೇ ತಿಂಗಳ ಗಡುವು. ಆ ಮಾತು ಇರುವುದು ಪತ್ರದ ಕೊನೆಯಲ್ಲಿ, ಕಾನೂನಿನ ಬಿಗಿ ಭಾಷೆಯಲ್ಲಿ. ಹೆದರಿ ಲಕೋಟೆಯನ್ನೇ ಒಡೆಯದಿದ್ದರೆ ನ್ಯಾಯವಾಗಿ ಬರಬೇಕಾದ ಹಣವೂ ಕೈತಪ್ಪುತ್ತದೆ.

ಶೇ 60ಕ್ಕೂ ಹೆಚ್ಚು ಮಂದಿಗೆ ಕೆಲಸವಿದೆ; ಅಡುಗೆಮನೆ, ಶುಚಿತ್ವ, ಕಟ್ಟಡ ಕೆಲಸದಂಥವು. ಬಡ್ತಿ ಸಿಕ್ಕರೆ ವರದಿ ಬರೆಯಬೇಕಲ್ಲ, ಹಾಗಾಗಿ ಬಡ್ತಿಯೇ ಬೇಡ ಅನ್ನುವವರುಂಟು. ಅರ್ಜಿ ಮುಂದಿಟ್ಟರೆ ‘ಕನ್ನಡಕ ಮರೆತು ಬಂದೆ, ಮನೆಯಲ್ಲಿ ತುಂಬಿ ತರುತ್ತೇನೆ’ ಎಂಬುದು ಹಳೆಯ ಉಪಾಯ. ಮನೆಯಲ್ಲಿ ತುಂಬುವವರು ಹೆಂಡತಿಯೋ ಗಂಡನೋ. ಆ ಒಬ್ಬರು ತೀರಿಕೊಂಡರೆ ಅಥವಾ ಬಿಟ್ಟುಹೋದರೆ ಬ್ಯಾಂಕು, ಬಾಡಿಗೆ, ಔಷಧಿ ಚೀಟಿ ಎಲ್ಲವೂ ಒಮ್ಮೆಲೇ ನಿಲ್ಲುತ್ತವೆ.

ಫೋಕ್ಸ್‌ಹೋಖ್‌ಶೂಲೆ ಎಂಬ ವಯಸ್ಕರ ಶಿಕ್ಷಣ ಕೇಂದ್ರಗಳಲ್ಲಿ ಓದು ಬರಹದ ತರಗತಿಗಳಿವೆ. ನಾಚಿಕೆಯಿಂದ ಅಲ್ಲಿಗೆ ಹೋಗುವವರು ಬೆರಳೆಣಿಕೆಯಷ್ಟು. ಮೇಲಾಗಿ, ತರಗತಿಯ ಜಾಹೀರಾತೂ ಅಕ್ಷರದಲ್ಲೇ ಇದ್ದರೆ ಯಾರಿಗೆ ತಲುಪೀತು?