ಟ್ಯಾಪಿಂಗ್ ಮಾಡಿದರೆ ಬಾಯಿ ಚಪಲ ಕಡಿಮೆಯಾಗುತ್ತದಾ?

ಹೊಟ್ಟೆ ತುಂಬ ಊಟ ಮಾಡಿದ ಮೇಲೂ ರಾತ್ರಿ ಚಾಕೊಲೇಟ್ ಬೇಕೇ ಬೇಕು ಅನ್ನಿಸುತ್ತದೆ, ಮುಖದ ಮೇಲೆ ಬೆರಳಿನಿಂದ ತಟ್ಟಿಕೊಂಡರೆ ಅದು ಹೋಗುತ್ತದೆ ಅಂತಾರೆ, ಯಾರಾದರೂ ಸರಿಯಾಗಿ ಪರೀಕ್ಷೆ ಮಾಡಿದ್ದಾರಾ, ನೀವು ಮಾಡಿ ನೋಡಿದ್ದೀರಾ ಅಂತ ಕೇಳಿದ್ದೀರಿ. ಎರಡಕ್ಕೂ ಹೌದು. ನನಗೆ ಉಪಯೋಗ ಆಯಿತು. ಆದರೆ ಅದು ಯಾವುದರಿಂದ ಆಯಿತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು.

ಇದರ ಹೆಸರು ಎಮೋಷನಲ್ ಫ್ರೀಡಂ ಟೆಕ್ನಿಕ್ಸ್, ಚಿಕ್ಕದಾಗಿ ಇಎಫ್‌ಟಿ. ಅಮೆರಿಕದ ಗ್ಯಾರಿ ಕ್ರೇಗ್ 1990ರ ದಶಕದಲ್ಲಿ ಇದನ್ನು ಶುರು ಮಾಡಿದರು. ಅದಕ್ಕೂ ಮುಂಚೆ ರೋಜರ್ ಕ್ಯಾಲಹನ್ ಎಂಬ ಮನಶ್ಶಾಸ್ತ್ರಜ್ಞರ ಪದ್ಧತಿ ಒಂದಿತ್ತು, ಅದನ್ನೇ ಇವರು ಸುಲಭ ಮಾಡಿದರು. ಅಕ್ಯುಪ್ರೆಶರ್ ಬಿಂದುಗಳನ್ನು ಬೆರಳಿನಿಂದ ತಟ್ಟುತ್ತಾ, ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುವುದು. ಇಷ್ಟೇ.

ನಾನು ಮಾಡಿದ ಮೊದಲ ದಿನ ಹೀಗಿತ್ತು. ಚಾಕೊಲೇಟಿನ ಕಾಗದ ಬಿಚ್ಚಿ ಒಂದು ತುಂಡು ಮುರಿದು ಮುಂದೆ ಇಟ್ಟುಕೊಂಡೆ, ವಾಸನೆ ನೋಡಿದೆ. ಆಸೆ ಎಷ್ಟಿದೆ ಅಂತ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಬೇಕು, ಎಂಟು ಅಂತ ಬರೆದೆ. ಅಂಗೈಯ ಅಂಚನ್ನು, ಕಿರುಬೆರಳಿನ ಕೆಳಗಿನ ಭಾಗವನ್ನು, ಇನ್ನೊಂದು ಕೈಯಿಂದ ತಟ್ಟುತ್ತಾ "ಈ ಚಾಕೊಲೇಟ್ ತಿನ್ನಲೇಬೇಕು ಅನ್ನಿಸುತ್ತಿದೆ, ಆದರೂ ನಾನು ಹೇಗಿದ್ದೇನೋ ಹಾಗೇ ನನ್ನನ್ನು ಒಪ್ಪಿಕೊಳ್ಳುತ್ತೇನೆ" ಅಂತ ಮೂರು ಸಲ ಹೇಳಿದೆ. ಆಮೇಲೆ ಹುಬ್ಬಿನ ಬುಡ, ಕಣ್ಣಿನ ಪಕ್ಕ, ಕಣ್ಣಿನ ಕೆಳಗೆ, ಮೂಗಿನ ಕೆಳಗೆ, ಗದ್ದ, ಕತ್ತಿನ ಬುಡದ ಮೂಳೆ, ಕಂಕುಳಿನ ಕೆಳಗೆ, ನೆತ್ತಿ. ಒಂದೊಂದು ಕಡೆ ಏಳೆಂಟು ಸಲ ತಟ್ಟುವುದು, "ಈ ಆಸೆ, ಈ ಆಸೆ" ಅಂತ ಹೇಳುತ್ತಾ. ಎರಡನೇ ಸುತ್ತಿನಲ್ಲಿ ಕಣ್ಣಿನ ಕೆಳಗೆ ತಟ್ಟುವಾಗ ಮಧ್ಯಾಹ್ನ ಒಬ್ಬರು ಆಡಿದ್ದ ಮಾತು ನೆನಪಾಗಿ ಗಂಟಲು ಕಟ್ಟಿತು. ಇಡೀ ಸಂಜೆ ಅದನ್ನು ನುಂಗಿಕೊಂಡೇ ಇದ್ದೆ, ನನಗೇ ಗೊತ್ತಿರಲಿಲ್ಲ. ನಾಲ್ಕನೇ ಸುತ್ತಿಗೆ ಅಂಕ ಮೂರಕ್ಕೆ ಇಳಿದಿತ್ತು. ಆ ತುಂಡನ್ನು ಮತ್ತೆ ಕಾಗದದಲ್ಲಿ ಸುತ್ತಿ ಎತ್ತಿಟ್ಟೆ.

ಈಗ ಪರೀಕ್ಷೆಗಳ ವಿಷಯ. ಇದರಲ್ಲಿ ಜಾಸ್ತಿ ಕೆಲಸ ಮಾಡಿದವರು ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿರುವ ಬಾಂಡ್ ವಿಶ್ವವಿದ್ಯಾಲಯದ ಪೀಟಾ ಸ್ಟೇಪಲ್ಟನ್. 2011ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ತೂಕ ಜಾಸ್ತಿ ಇದ್ದ 96 ಜನ ಇದ್ದರು. ನಾಲ್ಕು ವಾರ, ವಾರಕ್ಕೆ ಎರಡು ಗಂಟೆ ತರಗತಿ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೂಡಲೇ ಟ್ಯಾಪಿಂಗ್ ಕಲಿಸಿದರು, ಇನ್ನೊಂದು ಗುಂಪಿಗೆ ಕಾಯಲು ಹೇಳಿದರು. ಕಲಿತವರಿಗೆ ತಿಂಡಿಯ ಸೆಳೆತ ಕಡಿಮೆಯಾಯಿತು. ಒಂದು ವರ್ಷದ ನಂತರ ನೋಡಿದಾಗಲೂ ಆ ಸುಧಾರಣೆ ಉಳಿದಿತ್ತು.

ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಒಂದು ನಿಮಿಷ ಯೋಚಿಸಿ. ಕಾಯುತ್ತಿದ್ದ ಗುಂಪಿಗೆ ಏನೂ ಸಿಕ್ಕಿರಲಿಲ್ಲ. ಇನ್ನೊಂದು ಗುಂಪಿಗೆ ಜೊತೆಗಾರರು ಸಿಕ್ಕಿದರು, ಕಲಿಸುವವರ ಗಮನ ಸಿಕ್ಕಿತು, ಇದರಿಂದ ಒಳ್ಳೆಯದಾಗುತ್ತದೆ ಅನ್ನುವ ಭರವಸೆ ಸಿಕ್ಕಿತು. ಇಷ್ಟರಿಂದಲೇ ಎಷ್ಟೋ ಬದಲಾಗಬಹುದು. ಮುಂದೆ ಕಾಯುತ್ತಿದ್ದವರಿಗೂ ಟ್ಯಾಪಿಂಗ್ ಕಲಿಸಿದರು. ಹಾಗಾಗಿ ವರ್ಷದ ಕೊನೆಗೆ ಹೋಲಿಸಿ ನೋಡಲು ಟ್ಯಾಪಿಂಗ್ ಮಾಡದ ಗುಂಪೇ ಉಳಿದಿರಲಿಲ್ಲ. 2016ರಲ್ಲಿ ಬಂದ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಹಿಡಿಸಿತು. ಅದರಲ್ಲಿ 83 ಜನ, ಎಂಟು ವಾರ. ಟ್ಯಾಪಿಂಗನ್ನು ಸಿಬಿಟಿ ಜೊತೆ ಹೋಲಿಸಿದರು. ಯೋಚಿಸುವ, ನಡೆದುಕೊಳ್ಳುವ ರೀತಿಯನ್ನು ಬದಲಿಸಿಕೊಳ್ಳಲು ಕಲಿಸುವ ಚಿಕಿತ್ಸೆ ಅದು, ಹೆಚ್ಚು ಪರೀಕ್ಷೆಗೆ ಒಳಗಾದದ್ದು. ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಆಗಿತ್ತು.

ಹಾಗಾದರೆ ಬಿಂದುಗಳ ಕೆಲಸ ಏನು? ಇದಕ್ಕೆ 2003ರ ಒಂದು ಕೆನಡಾ ಪ್ರಯೋಗ ನೋಡಬೇಕು. ವೆಂಡಿ ವೇಟ್ ಮತ್ತು ಮಾರ್ಕ್ ಹೋಲ್ಡರ್ 119 ವಿದ್ಯಾರ್ಥಿಗಳ ಮೇಲೆ ಮಾಡಿದ್ದು. ಅದು ತಿಂಡಿಯ ಬಗ್ಗೆ ಅಲ್ಲ, ಭಯದ ಬಗ್ಗೆ. ಒಂದು ಗುಂಪು ಸರಿಯಾದ ಬಿಂದುಗಳನ್ನು ತಟ್ಟಿತು, ಇನ್ನೊಂದು ತೋಳಿನ ಮೇಲೆ ಬೇರೆ ಜಾಗಗಳನ್ನು, ಮತ್ತೊಂದು ಗುಂಪು ಒಂದು ಗೊಂಬೆಯನ್ನು ತಟ್ಟಿತು! ಮೂರೂ ಗುಂಪಿಗೆ ಭಯ ಒಂದೇ ತರ ಇಳಿಯಿತು. ಏನೂ ತಟ್ಟದ ನಾಲ್ಕನೇ ಗುಂಪಿಗೆ ಇಳಿಯಲಿಲ್ಲ.

ಇದನ್ನು ಓದಿದ ಮೇಲೆ ನಾನೂ ಮನೆಯಲ್ಲಿ ಮಾಡಿ ನೋಡಿದೆ. ಮೂರು ತರದ ಚೀಟಿ ಬರೆದು ಡಬ್ಬಿಯಲ್ಲಿ ಹಾಕಿದೆ: ಬಿಂದು, ತೊಡೆ, ಸುಮ್ನೆ. ಆಸೆ ಬಂದಾಗ ಒಂದು ಚೀಟಿ ಎತ್ತುವುದು. ಬಿಂದು ಬಂದರೆ ಮುಖ ತಟ್ಟುವುದು. ತೊಡೆ ಬಂದರೆ ಅದೇ ಮಾತು ಹೇಳುತ್ತಾ ತೊಡೆ ತಟ್ಟುವುದು. ಸುಮ್ನೆ ಅಂದರೆ ಗಡಿಯಾರ ನೋಡುತ್ತಾ ಅಷ್ಟೇ ಹೊತ್ತು ಕೂರುವುದು. ಎಂಟು ವಾರ ಪುಸ್ತಕದಲ್ಲಿ ಅಂಕ ಬರೆದೆ. ಮುಖಕ್ಕೂ ತೊಡೆಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ಸುಮ್ನೆ ಕೂತ ದಿನಗಳು ಮಾತ್ರ ಕಷ್ಟವಾದವು. ಆದರೆ ಆ ದಿನಗಳಲ್ಲೂ ಸ್ವಲ್ಪ ತಡವಾಗಿಯಾದರೂ ಆಸೆ ತಾನಾಗಿಯೇ ಇಳಿಯಿತು. ಇದು ಒಬ್ಬರ ಅನುಭವ ಅಷ್ಟೇ, ಪುರಾವೆ ಅಂತ ಹಿಡಿಯಬೇಡಿ.

ನನಗೆ ಅನ್ನಿಸುವುದು ಇದು. ಚಾಕೊಲೇಟ್ ಆಸೆ ಬಂದಾಗ ಮನಸ್ಸು ಅದರ ಚಿತ್ರ ಬರೆಯುತ್ತಾ ಕೂರುತ್ತದೆ: ಬಣ್ಣ, ವಾಸನೆ, ನಾಲಿಗೆಯ ಮೇಲೆ ಕರಗುವುದು. ಕೈಗೂ ಬಾಯಿಗೂ ಬೇರೆ ಕೆಲಸ ಕೊಟ್ಟರೆ ಆ ಚಿತ್ರ ಮಸುಕಾಗುತ್ತದೆ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರ ಪ್ರಯೋಗದಲ್ಲಿ ಬರೀ ಮೂರು ನಿಮಿಷ ಟೆಟ್ರಿಸ್ (ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ವಿಡಿಯೋ ಗೇಮ್) ಆಡಿದವರಿಗೂ ಆಸೆ ಕಡಿಮೆಯಾಗಿತ್ತು. ಜೊತೆಗೆ, ತಟ್ಟುವಾಗ ನಿಮ್ಮನ್ನು ನೀವು ಬೈಯುವುದಿಲ್ಲ, ಆಸೆ ಇದೆ ಅಂತ ಒಪ್ಪಿಕೊಳ್ಳುತ್ತೀರಿ. ನನಗೆ ದೊಡ್ಡ ಸಹಾಯ ಆಗಿದ್ದು ಅದೇ.

ಹಾಗಾಗಿ ಧಾರಾಳವಾಗಿ ಮಾಡಿ ನೋಡಿ, ಖರ್ಚಿಲ್ಲ. ದುಬಾರಿ ಕೋರ್ಸಿಗೆ ಹಣ ಕಟ್ಟುವ ಅಗತ್ಯ ಇಲ್ಲ. ಆದರೆ ಎರಡು ಮಾತು ಗಮನದಲ್ಲಿರಲಿ. ಹಗಲು ಸರಿಯಾಗಿ ಊಟ ಮಾಡದೆ ರಾತ್ರಿ ಬರುವುದು ನಿಜವಾದ ಹಸಿವು, ಅದನ್ನು ತಟ್ಟಿ ಕಳಿಸಬೇಡಿ, ಊಟ ಮಾಡಿ. ಇನ್ನು, ಕೈ ಮೀರಿ ತಿನ್ನುವುದು, ತಿಂದ ಮೇಲೆ ವಾಂತಿ ಮಾಡಿಕೊಳ್ಳುವುದು ಇದ್ದರೆ ದಯವಿಟ್ಟು ವೈದ್ಯರ ಹತ್ತಿರ ಹೋಗಿ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಒಬ್ಬರೇ ಅನುಭವಿಸಬೇಕಾಗಿಲ್ಲ. ಶುರು ಮಾಡುವ ಮುಂಚೆ ಒಂದು ವಾರ ಏನೂ ಮಾಡದೆ ಬರೀ ಅಂಕ ಬರೆದಿಡಿ. ಆಮೇಲೆ ತಟ್ಟಿದ ದಿನಗಳ ಅಂಕವನ್ನು ಅದರ ಪಕ್ಕದಲ್ಲೇ ಬರೆಯುತ್ತಾ ಹೋಗಿ. ಏನು ಕಂಡಿತು ಅಂತ ಇಲ್ಲೇ ತಿಳಿಸಿ, ಕಾಯುತ್ತಿರುತ್ತೇನೆ.